ಮೆಟ್ಟಿಲು ಯಾರ ಕರ್ಮ?

ಬಸದಿಯ ಮೆಟ್ಟಿಲೇರಲಾರದೆ ಹೊರಗೇ ಉಳಿಯುವ ಅಂಗವಿಕಲ ಶ್ರಾವಕನನ್ನು ಕಂಡು ‘ಅವನ ಕರ್ಮೋದಯ’ ಎಂದು ನಿಟ್ಟುಸಿರಿಡುವುದು ಸಮಾಜದಲ್ಲಿ ರೂಢಿಯಾಗಿದೆ. ಇದು ಕರ್ಮಸಿದ್ಧಾಂತಕ್ಕೆ ಎಸಗುವ ಅಪಚಾರ. ಕಾಲಿನ ಊನಕ್ಕೆ ನಾಮಕರ್ಮ ಕಾರಣವೆನ್ನಬಹುದು. ಬಾಗಿಲ ಮುಂದಿನ ಮೆಟ್ಟಿಲುಗಳಿಗೆ ಕಾರಣ ಆಡಳಿತ ಮಂಡಲಿಯ ಠರಾವು. ತಾವು ಕಟ್ಟಿಸಿದ ತಡೆಯನ್ನು ಇನ್ನೊಬ್ಬರ ಪೂರ್ವಜನ್ಮದ ಖಾತೆಗೆ ಬರೆಯುವುದು ಸರಿಯಾದ ಲೆಕ್ಕವಲ್ಲ.

ಕಾನೂನು ಈ ಲೆಕ್ಕವನ್ನು ಒಪ್ಪುವುದಿಲ್ಲ. 1995ರ ಅಧಿನಿಯಮವು ಇಳಿಜಾರು ದಾರಿ ಮುಂತಾದ ಸೌಕರ್ಯಗಳನ್ನು ಸರ್ಕಾರಗಳ ಆರ್ಥಿಕ ಸಾಮರ್ಥ್ಯದ ಮಿತಿಗೆ ಬಿಟ್ಟಿತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಸುಗಮ ಪ್ರವೇಶವನ್ನು ಹಕ್ಕಾಗಿಸಿತು. ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡಗಳೂ ಧಾರ್ಮಿಕ ಕಟ್ಟಡಗಳೂ ಅದರ ‘ಸಾರ್ವಜನಿಕ ಕಟ್ಟಡ’ದ ವ್ಯಾಖ್ಯೆಯಲ್ಲಿ ಸೇರಿವೆ. 45ನೆಯ ಕಲಮು ಹಳೆಯ ಕಟ್ಟಡಗಳಿಗೆ, ನಿಯಮಗಳು ಪ್ರಕಟವಾದಂದಿನಿಂದ ಐದು ವರ್ಷಗಳ ಗಡುವು ನೀಡಿತು. ನಿಯಮಗಳು ಪ್ರಕಟವಾದದ್ದು 2017ರ ಜೂನ್‌ನಲ್ಲಿ; ಗಡುವು 2022ರಲ್ಲೇ ಮುಗಿದಿದೆ. ಆ ನಿಯಮಗಳಲ್ಲಿ 15ನೆಯದು ಕೇವಲ ಸಲಹಾರೂಪದ್ದಾಗಿದ್ದು ಅಧಿನಿಯಮಕ್ಕೆ ವಿರುದ್ಧವೆಂದು 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತು, ಕಡ್ಡಾಯ ಮಾನದಂಡಗಳನ್ನು ರೂಪಿಸುವಂತೆ ಆದೇಶಿಸಿತು.

‘ನಮ್ಮ ಯುವಕರು ಎತ್ತಿ ತರುತ್ತಾರಲ್ಲ’ ಎಂಬ ಸಮಾಧಾನವುಂಟು. ಎತ್ತುವವರಿಗೆ ಪುಣ್ಯ ದೊರೆಯಬಹುದು. ಎತ್ತಿಸಿಕೊಳ್ಳುವವನಿಗೆ ಪ್ರತಿ ದರ್ಶನವೂ ಒಂದು ಯಾಚನೆ. ‘ಗಾಲಿಕುರ್ಚಿಗೆ ಬೀದಿಯ ಮೈಲಿಗೆ’ ಎನ್ನುವವರು ಒಳಗಿನ ಬಳಕೆಗೆಂದೇ ಒಂದನ್ನು ಶುದ್ಧವಾಗಿ ಇರಿಸಲಿ. ‘ಪ್ರಾಚೀನತೆ ಕೆಡುತ್ತದೆ’ ಎಂಬುದು ಮೂರನೆಯ ಆಕ್ಷೇಪ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬಂಡೆಯಲ್ಲೇ ಕೊರೆದಿರುವ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಒಡೆಯಿರೆಂದು ಯಾರೂ ಕೇಳುತ್ತಿಲ್ಲ. ಆದರೆ ನಿನ್ನೆ ಮೊನ್ನೆ ಕಟ್ಟಿಸಿದ ಭೋಜನಶಾಲೆ, ಯಾತ್ರಿನಿವಾಸ, ಪ್ರವಚನ ಮಂದಿರಗಳಿಗೆ ಯಾವ ಪ್ರಾಚೀನತೆಯ ನೆಪ? ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು, ಪಕ್ಕದಲ್ಲಿ ಹಿಡಿಕಂಬಿ, ಗಾಲಿಕುರ್ಚಿ ಹೊಗುವಷ್ಟು ಅಗಲದ ಶೌಚಾಲಯದ ಬಾಗಿಲು: ನೆಲಕ್ಕೆ ಅಮೃತಶಿಲೆ ಹಾಸುವ ಟ್ರಸ್ಟುಗಳಿಗೆ ಇದು ಭಾರವಾಗುವ ಖರ್ಚಲ್ಲ.

ಜಿನೇಂದ್ರನ ಸಮವಸರಣದ ಹನ್ನೆರಡು ಕೋಷ್ಠಗಳಲ್ಲಿ ತಿರ್ಯಂಚ ಜೀವಿಗಳಿಗೂ ಒಂದು ಕೋಷ್ಠವಿದೆ. ಅದನ್ನು ಪ್ರವಚನದಲ್ಲಿ ವರ್ಣಿಸಿ, ಪ್ರವಚನ ಮಂದಿರದೊಳಕ್ಕೆ ಮನುಷ್ಯನೊಬ್ಬ ಬರಲಾಗದಂತೆ ಕಟ್ಟುವುದು ಯಾವ ಧರ್ಮ? ಹಿಂಸೆಯ ಮೂಲ ಪ್ರಮಾದವೆಂದು ಆಚಾರ್ಯರು ಬೋಧಿಸಿದ್ದಾರೆ. ಕಾಣದೆ ಕಟ್ಟಿದ ಮೆಟ್ಟಿಲು ಪ್ರಮಾದ. ಕಂಡ ಮೇಲೂ ಉಳಿಸಿಕೊಂಡದ್ದಕ್ಕೆ ಆ ರಿಯಾಯಿತಿಯೂ ಇಲ್ಲ. ಟ್ರಸ್ಟುಗಳ ಮುಂದಿನ ಸಭೆಯ ಮೊದಲ ಠರಾವು ಈ ಮೆಟ್ಟಿಲುಗಳ ಕುರಿತಾಗಿರಲಿ.