ಡಿಗ್ರಿ ಆಯಿತು, ಮೊದಲ ಕೆಲಸಕ್ಕೆ ಯಾರು ಜೊತೆ?

ನನ್ನ ಊರು ಕರಾವಳಿ. ಅನ್ನದ ಋಣ ಮಾತ್ರ ರಾಯಚೂರು ಜಿಲ್ಲೆ ಮಾನ್ವಿ ತಾಲೂಕಿನ ಕುರ್ಡಿಯಲ್ಲಿ. ಇಲ್ಲಿ ಮದ್ರಸದಲ್ಲಿ ಪಾಠ ಹೇಳುತ್ತೇನೆ. ಕಳೆದ ತಿಂಗಳು ಇಶಾ ನಮಾಝ್ ಮುಗಿಸಿ ಹೊರಬರುವಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಬಿ.ಕಾಂ. ಮುಗಿಸಿ ವರ್ಷ ದಾಟಿದೆ. "ಎಲ್ಲಿ ಹೋದ್ರೂ ಅನುಭವ ಐತೇನು ಅಂತ ಕೇಳ್ತಾರ ಹಜರತ್. ಯಾರೂ ಕೆಲಸಾನ ಕೊಡದಿದ್ರ ಅನುಭವ ಎಲ್ಲಿಂದ ತರ್ಲಿ?" ಎಂದ. "ಸಬರ್ ಮಾಡು" ಅಂದೆ, ಸಲಾಂ ಹೇಳಿ ಬಂದೆ. ರಜೆಗೆ ಊರಿಗೆ ಹೋದಾಗ ಬಿ.ಎಸ್ಸಿ. ಮುಗಿಸಿದ ತಂಗಿಯ ಮಗಳೂ ಅದನ್ನೇ ಕೇಳಿದಳು. ಆಗ ನನಗೆ ನನ್ನ ಉತ್ತರದ ಬಗ್ಗೆಯೇ ನಾಚಿಕೆಯಾಯಿತು. ಸಬರ್ ಎಂದರೆ ಕೈಕಟ್ಟಿ ಕೂರುವುದಲ್ಲ ಎಂದು ಮಕ್ಕಳಿಗೆ ಕಲಿಸುವವನು ನಾನೇ ಅಲ್ಲವೇ?

ನಮ್ಮ ಸಮುದಾಯ ಓದಿನಲ್ಲಿ ಬಹಳ ಮುಂದೆ ಬಂದಿದೆ. ಜಮಾಅತ್‌ಗಳು ಸ್ಕಾಲರ್‌ಶಿಪ್ ಕೊಡುತ್ತವೆ, ಹೆಚ್ಚು ಅಂಕ ಬಂದವರಿಗೆ ಶಾಲು ಹೊದಿಸುತ್ತವೆ. ಆದರೆ ಡಿಗ್ರಿ ಆದ ಮೇಲೆ ಮಕ್ಕಳನ್ನು ಕೇಳುವವರೇ ಇಲ್ಲ. ಕೇಳಿದರೂ "ಇನ್ನೂ ಕೆಲಸ ಆಗಿಲ್ವಾ?" ಎಂಬ ಒಂದೇ ಪ್ರಶ್ನೆ. ಹುಡುಗಿಯಾದರೆ ಅದೂ ಇಲ್ಲ, ನೇರ ಮದುವೆ ಮಾತು.

ಜಮಾಅತ್ ಏನು ಕೆಲಸ ಕೊಡಿಸುವ ಆಫೀಸಾ ಎಂದು ಕೆಲವರು ಕೇಳಬಹುದು. ಅಲ್ಲ. ಆದರೆ ದಾರಿ ತೋರಿಸಬಹುದಲ್ಲ. ಆಮೇಲೆ ಆ ಹುಡುಗನನ್ನು ಕೂರಿಸಿ ವಿಚಾರಿಸಿದೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯಡಿ 2013ರಿಂದ ಸರಕಾರಿ ಹುದ್ದೆಗಳಲ್ಲಿ ಮೀಸಲಾತಿ ಇದೆ. ಸ್ಥಳೀಯ ಗ್ರೂಪ್ ಸಿ ಹುದ್ದೆಗಳಲ್ಲಿ ಅದು ಶೇ. 80. ಅದಕ್ಕೆ ಸಹಾಯಕ ಆಯುಕ್ತರ ಕಚೇರಿಯ ಪ್ರಮಾಣಪತ್ರ ಬೇಕು. ಅವನು ಅದನ್ನು ಮಾಡಿಸಿಯೇ ಇರಲಿಲ್ಲ! ನಮ್ಮ ಕರಾವಳಿ ಮಕ್ಕಳಿಗೆ ಈ ಸವಲತ್ತಿಲ್ಲ, ಆದರೆ ಪ್ರವರ್ಗ 2ಬಿ ಪ್ರಮಾಣಪತ್ರವನ್ನು ಅರ್ಜಿಯ ಕೊನೆಯ ದಿನ ಹುಡುಕುವವರು ನಮ್ಮಲ್ಲೂ ಎಷ್ಟು ಮಂದಿ!

ಅನುಭವದ ಪ್ರಶ್ನೆಗೂ ಉತ್ತರ ಇದೆ. 1961ರ ಅಪ್ರೆಂಟಿಸ್ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ ಬಿ.ಎ., ಬಿ.ಕಾಂ. ಓದಿದವರೂ ಅಪ್ರೆಂಟಿಸ್ ಆಗಬಹುದು. ತಿಂಗಳಿಗೆ ಸ್ಟೈಪೆಂಡ್ ಸಿಗುತ್ತದೆ, ಮುಗಿದಾಗ ಪ್ರಮಾಣಪತ್ರ ಸಿಗುತ್ತದೆ. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ರಾಜ್ಯದ ಯುವನಿಧಿಯಿಂದ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ 2 ವರ್ಷ. ಅದು ಸಂಬಳವಲ್ಲ, ಇಂಟರ್‌ವ್ಯೂಗೆ ಹೋಗಿ ಬರುವ ಬಸ್ ಚಾರ್ಜಿಗಾದರೂ ಆದೀತು.

ಇನ್ನು ಗಲ್ಫ್. ನಮ್ಮ ಹಿಂದಿನವರು ಬಾವ, ಮಾಮ ಕಳಿಸಿದ ವೀಸಾದಲ್ಲಿ ಹೋದರು, ಮನೆ ಕಟ್ಟಿದರು. ಈಗ ಅಲ್ಲಿಯೂ ಅನುಭವ ಕೇಳುತ್ತಾರೆ. ಆ ಅವಸರದಲ್ಲೇ ಕೆಲವರು ಏಜೆಂಟರ ಕೈಗೆ ಬೀಳುತ್ತಾರೆ. ನಮ್ಮೂರಿನ ಒಂದು ಮನೆಯಲ್ಲಿ ಉಮ್ಮನ ಚಿನ್ನ ಅಡವಿಟ್ಟು ದುಡ್ಡು ಕೊಟ್ಟರು, ವೀಸಾ ಬರಲೇ ಇಲ್ಲ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ ಮಾತ್ರ. ನೋಂದಣಿ ಇದೆಯೇ ಎಂದು ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಇಷ್ಟನ್ನು ಜುಮಾ ದಿನ ಒಬ್ಬರು ಎದ್ದು ಹೇಳಿದ್ದರೆ ಆ ಚಿನ್ನ ಉಳಿಯುತ್ತಿತ್ತು.

ನನ್ನ ವಿನಂತಿ ಸಣ್ಣದು. ಪ್ರತಿ ಜಮಾಅತ್‌ನಲ್ಲಿ ಬ್ಯಾಂಕಿನವರು, ಮಾಸ್ಟ್ರು, ಲೆಕ್ಕಪತ್ರ ಬಲ್ಲವರು ಇದ್ದೇ ಇದ್ದಾರೆ. ತಿಂಗಳಿಗೆ ಒಂದು ಭಾನುವಾರ ಎರಡು ಗಂಟೆ ಕೂತು ಮಕ್ಕಳ ಬಯೋಡೇಟಾ ತಿದ್ದಲಿ, ಅರ್ಜಿ ತುಂಬಿಸಲಿ, ಇಂಟರ್‌ವ್ಯೂನಲ್ಲಿ ಮಾತಾಡಲು ಕಲಿಸಲಿ. ಹುಡುಗಿಯರಿಗೂ ಅಷ್ಟೇ ಜಾಗ ಇರಲಿ. ಮನೆಯವರೂ ಮೊದಲ ಸಂಬಳವನ್ನು ನೆರೆಮನೆಯ ಗಲ್ಫ್ ಸಂಬಳದ ಜೊತೆ ತೂಗದಿರಲಿ. ಅದು ಕಲಿಯುವ ಕಾಲದ ಸಂಬಳ.

ಇಲ್ಲಿ ಕುರ್ಡಿಯಲ್ಲಿ ನಾವು ಶುರು ಮಾಡಿದ್ದೇವೆ. ಮೊದಲ ಭಾನುವಾರ ಬಂದವರು ಐದೇ ಮಂದಿ. ಆ ಬಿ.ಕಾಂ. ಹುಡುಗನಿಗೆ ಕೆಲಸ ಇನ್ನೂ ಸಿಕ್ಕಿಲ್ಲ. ಆದರೆ 371(ಜೆ) ಅರ್ಜಿ ಹಾಕಿದ ರಸೀದಿ ಅವನ ಜೇಬಿನಲ್ಲಿದೆ. ಮುಂದಿನ ವಾರ ರಾಯಚೂರಿನಲ್ಲಿ ಒಂದು ಇಂಟರ್‌ವ್ಯೂ ಇದೆಯಂತೆ. ಈ ಸಲ ನಾನೂ ಜೊತೆಗೆ ಬಸ್ ಹತ್ತುತ್ತೇನೆ.