ಚೌಕ ಯಾರದು?

ನಾಲ್ಕು ರಸ್ತೆ ಕೂಡುವಲ್ಲಿ ನಾಲ್ಕು ಕೇರಿಯ ಜನವೂ ಕೂಡಿದರೆ ಅದು ಊರಿನ ಚೌಕ. ಪಾಳಿ ಮುಗಿಸಿದ ಗಿರಣಿ ಕಾರ್ಮಿಕ ಅಲ್ಲಿ ಚಹಾ ಕುಡಿಯುತ್ತಾನೆ. ಹಣ್ಣಿನ ಗಾಡಿಯವಳು ಅಲ್ಲಿ ನಾಲ್ಕು ಕಾಸು ಕಾಣುತ್ತಾಳೆ. ಸಂಬಳ ಬಾರದವರು ಅಲ್ಲಿಯೇ ನಿಂತು ಕೂಗುತ್ತಾರೆ. ಜಾತಿ ಕೇಳದೆ ಭುಜಕ್ಕೆ ಭುಜ ತಾಗುವ ಸ್ಥಳಗಳು ನಮ್ಮ ಊರುಗಳಲ್ಲಿ ಬಹಳವಿಲ್ಲ. ಇರುವುದನ್ನೂ ಬಿಟ್ಟುಕೊಡಲು ನಾವು ಸಿದ್ಧರಿಲ್ಲ.

ಬೆಂಗಳೂರಿನಲ್ಲಿ ಆದುದನ್ನು ನೋಡಿರಿ. ಪುರಭವನದ ಮುಂದೆ, ಮೈಸೂರು ಬ್ಯಾಂಕ್ ಚೌಕದಲ್ಲಿ ಎಷ್ಟೋ ಸಂಘಗಳು ನಿಂತು ತಮ್ಮ ಅಹವಾಲನ್ನು ಊರಿನ ಕಿವಿಗೆ ಹಾಕಿದ್ದುಂಟು. 2022ರ ಜನವರಿಯಲ್ಲಿ ಜಾರಿಗೆ ಬಂದ ಪೋಲೀಸ್ ಆಜ್ಞೆಯಾದರೋ, ಪ್ರತಿಭಟನೆಗಳೆಲ್ಲ ಫ್ರೀಡಂ ಪಾರ್ಕಿನಲ್ಲಿಯೇ ನಡೆಯತಕ್ಕದ್ದೆಂದು ವಿಧಿಸಿತು. ಆ ಪಾರ್ಕು ಹಿಂದೆ ಸೆಂಟ್ರಲ್ ಜೈಲು. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಸ್ನೇಹಲತಾ ರೆಡ್ಡಿಯವರನ್ನು ಕೂಡಿಹಾಕಿದ್ದು ಅಲ್ಲಿಯೇ. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ಅವರು ತೀರಿಕೊಂಡರು. ಅಂದು ಬಾಯಿ ಮುಚ್ಚಿಸಿದ ಜಾಗದಲ್ಲಿ ಮಾತ್ರ ಇಂದು ಬಾಯಿ ತೆರೆಯಲು ಅಪ್ಪಣೆ!

ಆಂಬುಲೆನ್ಸಿಗೆ ದಾರಿ ಸಿಗದೆಂಬ ದೂರು ಸುಳ್ಳಲ್ಲ. ಮೆರವಣಿಗೆಯ ದಿನ ವ್ಯಾಪಾರ ಕೆಡುತ್ತದೆಂಬ ಅಂಗಡಿಕಾರ ಮಿತ್ರರ ಮಾತನ್ನೂ ನಾವು ತಳ್ಳಿಹಾಕುವುದಿಲ್ಲ. ಹೊತ್ತು ಗೊತ್ತುಮಾಡಲಿ, ದಾರಿ ಗೊತ್ತುಮಾಡಲಿ. ಅಹಮದಾಬಾದಿನ ಹಿಮತ್‌ಲಾಲ್ ಷಾ ಮೊಕದ್ದಮೆಯಲ್ಲಿ 1972ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಸಾರವೂ ಅದೇ: ಬೀದಿಯ ಸಭೆಗಳಿಗೆ ಸರಕಾರ ಕಟ್ಟುಪಾಡು ಹಾಕಬಹುದು, ಸಭೆಯ ಹಕ್ಕನ್ನೇ ಇಲ್ಲವಾಗಿಸುವಂತಿಲ್ಲ.

ಅಂಗಡಿಕಾರ ಮಿತ್ರರು ಇನ್ನೊಂದನ್ನು ಯೋಚಿಸಬೇಕು. ಇಂದು ಕೂಗುವವರನ್ನು ಚೌಕದಿಂದ ಅಟ್ಟಿದ ಲಾಠಿಯೇ ನಾಳೆ ತಳ್ಳುಗಾಡಿಯನ್ನು ಅಟ್ಟುತ್ತದೆ. ಊರು ಚಂದ ಮಾಡುತ್ತೇವೆಂಬ ಹೆಸರಿನಲ್ಲಿ ಬೇಲಿ ಬರುತ್ತದೆ, ಹೂವಿನ ಕುಂಡ ಬರುತ್ತದೆ. ಹೂವು ಮಾರುವವಳಿಗೆ ಜಾಗವಿರುವುದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಸುಮ್ಮನೆ ಬಂದುದಲ್ಲ. ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವ ತನಕ ಇರುವವರನ್ನು ಎಬ್ಬಿಸಕೂಡದೆಂದು ಅದು ಹೇಳುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಚುನಾಯಿಸಿದವರಿರಬೇಕು. ಅವರಲ್ಲಿ ಮೂರರಲ್ಲೊಂದು ಪಾಲು ಮಹಿಳೆಯರಿರಬೇಕು.

ಜಿಲ್ಲೆಯ ಪ್ರತಿಯೊಂದು ಪುರಸಭೆಯನ್ನೂ ನಾವು ಕೇಳುವುದಿಷ್ಟು: ಚೌಕಕ್ಕೆ ಕೈ ಹಚ್ಚುವ ಮುನ್ನ ಆ ಸಮಿತಿಯನ್ನು ಕೂಡಿಸಿರಿ. ಕುಡಿಯುವ ನೀರು, ಶೌಚಾಲಯ, ಕೂಡಲು ಕಟ್ಟೆ ಮಾಡಿಸಿರಿ. ಸಂಜೆಯ ಸಭೆಗೆ ಒಂದು ಮೂಲೆ ಬಿಡಿರಿ. ಗಿರಣಿಯವರೂ ಗಾಡಿಯವರೂ ಒಟ್ಟಿಗೆ ಹೋಗಿ ಕೇಳಿದರೆ ಇದಾವುದೂ ದೊಡ್ಡ ಮಾತಲ್ಲ. ಬೇರೆ ಬೇರೆ ಹೋದರೆ ಇಬ್ಬರಿಗೂ ಚೌಕ ಉಳಿಯದು.