ಹಸಿ ಆರುವ ಹೊಲ, ಕಾಗದವಿಲ್ಲದ ರೈತ

ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನೋತ್ಸವ. ಕರಾವಳಿಯ ಕ್ರೈಸ್ತ ಕುಟುಂಬಗಳಿಗೆ ಅದು ತೆನೆ ಹಬ್ಬವೂ ಹೌದು. ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಹೊಸಕ್ಕಿಯನ್ನು ಸೇವಿಸುವ ದಿನ. ಆದರೆ ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಎರೆಭೂಮಿಯ ಪಂಚಾಂಗವೇ ಬೇರೆ. ಆ ದಿನ ಇಲ್ಲಿ ಹುಬ್ಬೆಯ ಮಳೆ ನಡೆದಿರುತ್ತದೆ. ಮುಂಗಾರಿನ ಹೆಸರು ರಾಶಿಯಾಗಿ, ಹಿಂಗಾರಿನ ಜೋಳ, ಕಡಲೆಗೆ ಹೊಲ ಹದಗೊಳ್ಳಬೇಕಾದ ಸಮಯವದು. ನಾವು ವಾಸಿಸುವ ನೆಲದ ಈ ಪಂಚಾಂಗವನ್ನು ನಗರವಾಸಿಗಳಾದ ನಾವು ಎಷ್ಟರಮಟ್ಟಿಗೆ ಬಲ್ಲೆವು?

ಧಾರವಾಡ ಜಿಲ್ಲೆ ಎರಡು ಹವಾಮಾನಗಳ ನಡುವೆ ನಿಂತಿದೆ. ಪಶ್ಚಿಮದ ಅಳ್ನಾವರ, ಕಲಘಟಗಿ ಸೀಮೆ ಮಲೆನಾಡಿನ ಸೆರಗು. ಅಲ್ಲಿ ಭತ್ತವನ್ನು ಕೂರಿಗೆಯಿಂದ ಬಿತ್ತುವಷ್ಟು ಮಳೆಯುಂಟು. ಪೂರ್ವದ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆ ಸಾಗಿದಂತೆ ಮಳೆ ಕ್ಷೀಣಿಸುತ್ತದೆ. ಆ ಕೊರತೆಯನ್ನು ತುಂಬಿಕೊಡುವುದು ಅಲ್ಲಿನ ಕಪ್ಪು ಮಣ್ಣು. ಹೀರಿದ ನೀರನ್ನು ತಿಂಗಳುಗಟ್ಟಲೆ ಹಿಡಿದಿಡುವ ಶಕ್ತಿ ಆ ಮಣ್ಣಿಗಿದೆ. ಉತ್ತರೆ, ಹಸ್ತ, ಚಿತ್ತೆಯ ಮಳೆಗಳಲ್ಲಿ ನೆನೆದ ಹೊಲದ ಹಸಿಯನ್ನೇ ನಂಬಿ ಬಿಳಿಜೋಳ, ಕಡಲೆ, ಗೋಧಿ, ಕುಸುಬೆಗಳು ಬೆಳೆಯುತ್ತವೆ. ಆಕಾಶ ಒಣಗಿದ ಮೇಲೂ ನೆಲ ಬೆಳೆಯನ್ನು ಸಾಕುತ್ತದೆ.

ಈ ವ್ಯವಸ್ಥೆ ನಿಂತಿರುವುದು ಮಳೆಯ ಪ್ರಮಾಣಕ್ಕಿಂತ ಹೆಚ್ಚಾಗಿ ಅದರ ಸಮಯದ ಮೇಲೆ. ಜೂನ್ ತಿಂಗಳಿನಲ್ಲಿ ಬಿತ್ತಿದ ಹೆಸರು ಸುಮಾರು ಎಪ್ಪತ್ತು ದಿನಗಳಲ್ಲಿ ಕೈಗೆ ಬರುತ್ತದೆ. ಮೃಗಶಿರಾ ಮಳೆ ತಡವಾದರೆ ಹೆಸರಿನ ಬಿತ್ತನೆ ತಡವಾಗುತ್ತದೆ. ಬಿಡಿಸುವ ಹೊತ್ತಿಗೆ ಜಡಿಮಳೆ ಹಿಡಿದರೆ ಕಾಯಿ ಬುಡ್ಡಿಯಲ್ಲೇ ಮೊಳಕೆಯೊಡೆಯುತ್ತದೆ. ಹೊಲ ತೆರವಾಗದೆ ಹಿಂಗಾರಿನ ಹದವೂ ತಪ್ಪುತ್ತದೆ. ಒಂದು ಮಳೆ ಜಾರಿದರೆ ಎರಡು ಬೆಳೆಗಳು ಜಾರುತ್ತವೆ. ಚಳಿಗಾಲದಲ್ಲಿ ಬೀಳುವ ಅಕಾಲಿಕ ಮಳೆಯಂತೂ ಅರಳಿದ ಹತ್ತಿಯನ್ನೂ ಕಣದಲ್ಲಿ ಒಣಗುವ ಬ್ಯಾಡಗಿ ಮೆಣಸಿನಕಾಯಿಯ ಬಣ್ಣವನ್ನೂ ಕೆಡಿಸಿ, ಬೆಲೆಯನ್ನು ಕೆಳಗಿಳಿಸುತ್ತದೆ.

2019ರ ಆಗಸ್ಟ್ ತಿಂಗಳಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಉಕ್ಕಿ ನವಲಗುಂದ ಭಾಗದ ಹೊಲಗಳು ಜಲಾವೃತವಾದವು. ನಾಲ್ಕೇ ವರ್ಷಗಳ ತರುವಾಯ, 2023ರಲ್ಲಿ, 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಬಂದಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಇವೆರಡೂ ಒಂದೇ ರೋಗದ ಎರಡು ಲಕ್ಷಣಗಳಾಗಿರಬಹುದು. ಭೂಮಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ಶೇಕಡಾ 7ರಷ್ಟು ಹೆಚ್ಚು ತೇವಾಂಶವನ್ನು ಹಿಡಿಯಬಲ್ಲದೆಂಬುದು ವಿಜ್ಞಾನಿಗಳು ಒಪ್ಪಿದ ಸಂಗತಿ. ಆದಕಾರಣ ಮಳೆ ಸುರಿದಾಗ ಒಮ್ಮೆಲೇ ಸುರಿಯುತ್ತದೆ, ನಡುವೆ ದೀರ್ಘ ಬಿಡುವು ಬೀಳುತ್ತದೆ. ಮಳೆಮಾಪನದ ಲೆಕ್ಕದಲ್ಲಿ ವರ್ಷದ ಸರಾಸರಿ ಸರಿಯಾಗಿಯೇ ಕಾಣಬಹುದು. ಆದರೆ ನೆನೆದು ಉಬ್ಬಿದ ಎರೆಮಣ್ಣು ಒಂದೇ ದಿನದ ಸುರಿಮಳೆಯನ್ನು ನುಂಗಲಾರದು. ನೀರು ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಹಳ್ಳ ಸೇರುತ್ತದೆ.

ಒಡ್ಡು ಹಾಕುವುದು, ಕೃಷಿ ಹೊಂಡ ತೋಡುವುದು, ಹೊಲ ಹರಗಿ ಬಿರುಕು ಮುಚ್ಚಿ ಹಸಿ ಕಾಯುವುದು, ಒಂದೇ ಬೆಳೆಯನ್ನು ನಂಬದೆ ಅಕ್ಕಡಿ ಇಡುವುದು: ಇವು ಹಿರಿಯರು ಬಲ್ಲ, ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಒತ್ತಿ ಹೇಳುವ ಉಪಾಯಗಳು. ಆದರೆ ಹೊಲ ಯಾರದು ಎಂಬ ಪ್ರಶ್ನೆ ಇವೆಲ್ಲಕ್ಕೂ ಅಡ್ಡ ಬರುತ್ತದೆ. ಮುಂದಿನ ವರ್ಷ ತನ್ನ ಕೈಯಲ್ಲಿರುವುದೋ ಇಲ್ಲವೋ ತಿಳಿಯದ ಹೊಲಕ್ಕೆ ಯಾರು ತಾನೆ ಹೊಂಡ ತೋಡಿಯಾರು?

1974ರ ಭೂ ಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನು ರದ್ದುಗೊಳಿಸಿ ಅಸಂಖ್ಯ ಒಕ್ಕಲುಗಳನ್ನು ಭೂಮಾಲೀಕರನ್ನಾಗಿಸಿತು. ಅದರ ಉಪಕಾರ ದೊಡ್ಡದು. ಆದರೂ ಇಂದು ಪಟ್ಟಣ ಸೇರಿದವರ ಹೊಲಗಳು ಬಾಯಿಮಾತಿನ ಲಾವಣಿಯ ಮೇಲೆ ಮತ್ತೊಬ್ಬರ ಕೈಯಲ್ಲಿ ನಡೆದಿವೆ. ಕಾನೂನಿನಲ್ಲಿ ಅಂಥ ಒಪ್ಪಂದಕ್ಕೆ ಎಡೆಯಿಲ್ಲದ ಕಾರಣ ಕಾಗದ ಮಾಡಲು ಮಾಲೀಕ ಅಂಜುತ್ತಾನೆ. 2016ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಗೇಣಿ ರೈತನನ್ನೂ ಅರ್ಹನೆಂದು ಒಪ್ಪುತ್ತದೆ, ಆದರೆ ದಾಖಲೆ ಕೇಳುತ್ತದೆ. ಬೆಳೆಹಾನಿಯ ಪರಿಹಾರ ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ ಜಮೆಯಾಗುತ್ತದೆ. ಬೀಜ, ಗೊಬ್ಬರ, ಆಳಿನ ಕೂಲಿ ಒಬ್ಬನದು, ಪರಿಹಾರ ಇನ್ನೊಬ್ಬನದು. ಲಾವಣಿಯ ಹಣವನ್ನಂತೂ ಆತ ಮೊದಲೇ ತೆತ್ತಿರುತ್ತಾನೆ.

ಕಾನೂನು ಬದಲಾಗುವುದು ಸರ್ಕಾರದ ಕೆಲಸ. ಸಾಗುವಳಿದಾರನನ್ನು ಗುರುತಿಸಿ, ಮಾಲೀಕನ ಹಕ್ಕಿಗೂ ಚ್ಯುತಿ ಬಾರದಂತಹ ದಾರಿಯನ್ನು ಅದು ಹುಡುಕಲೇಬೇಕು. ಆದರೆ ಅಲ್ಲಿಯವರೆಗೆ ಕಾಯಬೇಕಾಗಿಲ್ಲದ ಒಂದು ಕೆಲಸ ನಮ್ಮ ಕೈಯಲ್ಲಿದೆ. ನಮ್ಮ ಸಮಾಜದಲ್ಲಿ ಹಿರಿಯರ ಹೊಲ ಉಳಿಸಿಕೊಂಡು ನೌಕರಿಗಾಗಿ ನಗರಕ್ಕೆ ಬಂದ ಕುಟುಂಬಗಳಿವೆ. ಬೆಳೆ ಹೋದ ವರ್ಷ ಅವರು ಲಾವಣಿಯಲ್ಲಿ ಒಂದು ಪಾಲನ್ನು ಮನ್ನಾ ಮಾಡಲಿ. ತಮ್ಮ ಖಾತೆಗೆ ಬಂದ ಬೆಳೆ ಪರಿಹಾರವನ್ನು ಬಿತ್ತಿದವನ ಕೈಗೆ ಒಪ್ಪಿಸಲಿ. ಒಂದೇ ವರ್ಷಕ್ಕೆ ಬದಲು ನಾಲ್ಕಾರು ವರ್ಷಗಳ ಮಾತು ಕೊಡಲಿ; ಆಗ ಒಡ್ಡೂ ಏಳುತ್ತದೆ, ಹೊಂಡವೂ ತುಂಬುತ್ತದೆ. ಇದು ದಾನವಲ್ಲ, ನ್ಯಾಯ. ಬೆವರು ಸುರಿಸಿದವನಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದಷ್ಟೆ. ಹೊಲವಿಲ್ಲದವರೂ ಸಂತೆಯಲ್ಲಿ ಮಳೆಗೆ ಸಿಕ್ಕು ಬಣ್ಣಗೆಟ್ಟ ಹೆಸರನ್ನು, ಜೋಳವನ್ನು ಕಂಡಾಗ ಚೌಕಾಶಿಗೆ ಮುನ್ನ ಒಂದು ಕ್ಷಣ ತಡೆಯಲಿ.

ಮಳೆಯನ್ನು ಕರೆಸುವ ಶಕ್ತಿ ಯಾರಿಗೂ ಇಲ್ಲ. ಅದು ಕೈಕೊಟ್ಟಾಗ ನಷ್ಟವನ್ನು ಯಾರ ಹೆಗಲಿಗೆ ಹೊರಿಸಬೇಕೆಂಬುದನ್ನು ಮಾತ್ರ ಮನುಷ್ಯರೇ ತೀರ್ಮಾನಿಸುತ್ತಾರೆ. ಆ ತೀರ್ಮಾನ ನಮ್ಮ ಮನೆಗಳಲ್ಲಿ ನ್ಯಾಯವಾಗಿ ನಡೆಯಲಿ.